ಬಾಗಿಲ ಬಲಗಡೆಯ ಓರೆ ಕೊಳವೆ

ನಾನು ಗೇಣಿಗಿಂತ ಚಿಕ್ಕದಾದ ಒಂದು ಹಿತ್ತಾಳೆಯ ಕೊಳವೆ. ನನ್ನನ್ನು ನೋಡಿದವರು ಏನೇನೋ ಅಂದುಕೊಂಡಿದ್ದಾರೆ. ಥರ್ಮಾಮೀಟರಿನ ಡಬ್ಬಿ ಎಂದವರಿದ್ದಾರೆ, ಕೆಟ್ಟುಹೋದ ಪೀಪಿ ಎಂದವರಿದ್ದಾರೆ. ಒಬ್ಬ ಪೋಸ್ಟ್‌ಮ್ಯಾನ್ ಕರೆಗಂಟೆಯೆಂದು ತಿಳಿದು ಮೂರು ಸಲ ಒತ್ತಿ, ಗಂಟೆ ಕೆಟ್ಟಿದೆ, ರಿಪೇರಿ ಮಾಡಿಸಿ ಎಂದು ಮನೆಯವರಿಗೆ ಬುದ್ಧಿ ಹೇಳಿ ಹೋದ. ನನ್ನ ನಿಜವಾದ ಹೆಸರು ಮೆಝೂಝಾ. ಯೆಹೂದ್ಯರ ಮನೆಯ ಬಾಗಿಲ ಕಂಬದ ಮೇಲೆ ಇರುವುದೇ ನನ್ನ ಕೆಲಸ. ಕೆಲಸ ಹಗುರ, ನಿವೃತ್ತಿ ಇಲ್ಲ.

ಹುಟ್ಟಿದ್ದು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ. ಅದಕ್ಕೂ ಮೊದಲು ಒಂದು ಮುದಿ ಎಂಜಿನ್ನಿನ ಉಗಿ ನಳಿಗೆಯಾಗಿದ್ದೆ. ಎಂಜಿನ್ ಗುಜರಿಗೆ ಬಿದ್ದಾಗ ಟರ್ನರ್ ಹಾಯೇಮ್ ಪೇಣಕರ ಫೋರ್‌ಮನ್‌ನನ್ನು ಕೇಳಿ ನನ್ನನ್ನು ಎತ್ತಿಕೊಂಡ. ಲೇತ್ ಯಂತ್ರಕ್ಕೆ ಹಚ್ಚಿ ಕತ್ತರಿಸಿದ, ಎರಡು ತುದಿಗೆ ಸ್ಕ್ರೂ ಹಿಡಿಯಲು ಕಿವಿ ಮಾಡಿದ, ತಲೆಗೆ ತಿರುಗುವ ಮುಚ್ಚಳ ಕೊಟ್ಟ. ಮುಂಬಯಿಯಿಂದ ಒಂದು ಚರ್ಮದ ಹಾಳೆಯ ಸುರುಳಿ ಬಂತು. ಹಕ್ಕಿಗರಿಯಲ್ಲಿ ಕೈಯಿಂದಲೇ ಬರೆದದ್ದು. ಅದನ್ನು ನನ್ನ ಹೊಟ್ಟೆಗೆ ಸೇರಿಸಿ ಮುಚ್ಚಳ ಬಿಗಿದ. ಅದರಲ್ಲಿ ಏನಿದೆ ಎಂದು ನನಗೆ ಯಾರೂ ಹೇಳಲಿಲ್ಲ. ತನ್ನ ಹೊಟ್ಟೆಯೊಳಗಿನದನ್ನು ಓದುವುದು ಯಾರಿಗೆ ತಾನೇ ಆಗುತ್ತದೆ?

ರೈಲ್ವೆ ಕ್ವಾರ್ಟರ್ಸಿನ ಏಳನೆಯ ಮನೆ. ಬಾಗಿಲ ಬಲಗಡೆಯ ಕಂಬಕ್ಕೆ, ಆಳೆತ್ತರದಲ್ಲಿ, ತಲೆ ಒಳಗಡೆಗೆ ಬಾಗುವಂತೆ ನನ್ನನ್ನು ಓರೆಯಾಗಿ ಹಚ್ಚಿದ. ನೇರ ನಿಲ್ಲಿಸಬೇಕೋ ಅಡ್ಡ ಮಲಗಿಸಬೇಕೋ ಎಂದು ಹಿಂದಿನ ಕಾಲದಲ್ಲಿ ಪಂಡಿತರು ವಾದ ಮಾಡಿದ್ದರಂತೆ. ಕೊನೆಗೆ ಎರಡೂ ಕಡೆಯವರ ಮಾತು ಉಳಿಯಲಿ ಎಂದು ಓರೆಯಾಗಿ ಇಡುವುದು ರೂಢಿಯಾಯಿತಂತೆ. ಹಾಯೇಮ್‌ಗೂ ಅವನ ಹೆಂಡತಿ ಸೆಗುಲಾಬಾಯಿಗೂ ಜಗಳವಾದಾಗಲೆಲ್ಲ ಅವಳು ನನ್ನ ಕಡೆ ಬೆರಳು ತೋರಿಸುವಳು. ಅಷ್ಟಕ್ಕೆ ಅವನು ನಕ್ಕು ಅರ್ಧ ಬಿಟ್ಟುಕೊಡುವನು.

ಅವರು ಕೊಂಕಣ ಕರಾವಳಿಯಿಂದ ಬಂದ ಯೆಹೂದ್ಯರು. ಮನೆಮಾತು ಮರಾಠಿ, ಬೀದಿಮಾತು ಹುಬ್ಬಳ್ಳಿ ಕನ್ನಡ, ಪ್ರಾರ್ಥನೆ ಮಾತ್ರ ಹೀಬ್ರೂ. ಶುಕ್ರವಾರ ಸಂಜೆ ದೀಪ ಹಚ್ಚಿದರೆ ಶನಿವಾರ ಹೊತ್ತು ಮುಳುಗುವವರೆಗೆ ಒಲೆ ಹೊತ್ತಿಸುತ್ತಿರಲಿಲ್ಲ. ತಂಗಳನ್ನೇ ಹಬ್ಬದಂತೆ ಉಣ್ಣುತ್ತಿದ್ದರು. ಮಗ ಹುಟ್ಟಿದ ಎಂಟನೆಯ ದಿನ ಸುನ್ನತಿ ಮಾಡಿಸಿ ಹೆಸರಿಟ್ಟರು. ಹರಕೆ ತೀರಿದಾಗ ಅವಲಕ್ಕಿ, ಬೆಲ್ಲ, ತೆಂಗಿನತುರಿ ಕಲಸಿ ಮಲಿದಾ ಮಾಡಿ ಸಾಲುಮನೆಗಳಿಗೆಲ್ಲ ಹಂಚುತ್ತಿದ್ದರು. ಒಳಗೆ ಬರುವಾಗ, ಹೊರಗೆ ಹೋಗುವಾಗ ನನ್ನನ್ನು ಮುಟ್ಟಿ ಬೆರಳಿಗೆ ಮುತ್ತು ಕೊಡುವರು. ಮಗಳು ಡೀನಾಳಿಗೆ ಎಟುಕದೆ, ಹಾರಿ ಹಾರಿ ಮುಟ್ಟುವಳು. ಬೆಳಿಗ್ಗೆ ಹಾಯೇಮ್ ಕಣ್ಣು ಮುಚ್ಚಿ ಏನನ್ನೋ ಹೇಳುವ ದನಿ ನನ್ನವರೆಗೂ ಬರುತ್ತಿತ್ತು. ಅರ್ಥವಾಗುತ್ತಿರಲಿಲ್ಲ, ಆದರೆ ಕಿವಿಗೆ ಹಿತವಾಗಿತ್ತು.

ಡೀನಾಳಿಗೆ ಎಂಟು ವರ್ಷವಾದಾಗ ಅವರು ಹಡಗು ಹತ್ತಿ ಇಸ್ರೇಲಿಗೆ ಹೊರಟರು. ಮನೆ ಬಿಡುವಾಗ ನನ್ನ ಬಗ್ಗೆ ಒಂದು ನಿಯಮವಿದೆ. ಮುಂದೆ ಬರುವವರು ಯೆಹೂದ್ಯರಾದರೆ ಕಿತ್ತುಕೊಂಡು ಹೋಗಬಾರದು, ಬೇರೆಯವರಾದರೆ ಬಿಟ್ಟುಹೋಗಬಾರದು. ಹಾಯೇಮ್ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. ಅಷ್ಟರಲ್ಲಿ ಸೆಗುಲಾಬಾಯಿ ಆಫೀಸಿನ ನೋಟಿಸ್ ಬೋರ್ಡು ನೋಡಿ ಓಡಿಬಂದಳು. ಏಳನೆಯ ಮನೆ ಗುಂತಕಲ್ಲಿನಿಂದ ವರ್ಗವಾಗಿ ಬರುವ ಪಾರ್ಸೆಲ್ ಗುಮಾಸ್ತನಿಗೆ ಸಿಕ್ಕಿತ್ತು. ಹೆಸರು ಇಸಾಕ ಮೋಶೆ. ಅಪ್ಪನ ಹೆಸರು ಅಬ್ರಹಾಮ.

ಇಬ್ಬರ ಮುಖವೂ ಅರಳಿತು. ಇಷ್ಟು ದೊಡ್ಡ ದೇಶದಲ್ಲಿ ಬೆರಳೆಣಿಕೆಯಷ್ಟಿರುವ ನಮ್ಮವರೇ ಈ ಮನೆಗೆ ಬರಬೇಕೆಂದರೆ ಇದು ದೇವರ ಕೆಲಸವೇ ಎಂದರು. ಹಾಯೇಮ್ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ. ಪಕ್ಕದ ಮನೆಯ ಗಿರಿಜವ್ವನಿಗೆ, ಬಾಗಿಲ ಕೊಳವೆಯನ್ನು ಹೊಸಬರಿಗಾಗಿಯೇ ಬಿಟ್ಟಿದ್ದೇವೆ ಎಂದು ಹೇಳು ಎಂದ. ಕೊನೆಯ ಸಲ ಡೀನಾಳನ್ನು ಎತ್ತಿ ನನ್ನನ್ನು ಮುಟ್ಟಿಸಿ ಹೋದರು.

ನಾಲ್ಕನೆಯ ದಿನ ಇಸಾಕ ಮೋಶೆ ಬಂದ. ಒಂದು ಹಾರ್ಮೋನಿಯಂ, ಒಂದು ಕೋಳಿ ಪಂಜರ, ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಯೇಸುವಿನ ದೊಡ್ಡ ಪಟ. ಬಾಗಿಲು ದಾಟಿದವರು ಯಾರೂ ನನ್ನನ್ನು ಮುಟ್ಟಲಿಲ್ಲ. ಸಾಲದ್ದಕ್ಕೆ ಇಸಾಕ ನನ್ನ ಕಿವಿಗೆ ತನ್ನ ಕೊಡೆ ಸಿಗಿಸಿದ. ಅವರು ಅಪ್ಪಟ ಕನ್ನಡ ಕ್ರೈಸ್ತರು. ಹೆಸರುಗಳಷ್ಟೇ ಹಳೆಯವು.

ಆ ಕೊಡೆಯನ್ನು ತೆಗೆದವಳು ಇಸಾಕನ ತಾಯಿ ಎಸ್ತೇರವ್ವ. ಈ ಊರಿನ ಮಿಷನ್ ಆಸ್ಪತ್ರೆಯಲ್ಲೇ ಮೂವತ್ತು ವರ್ಷ ಹೆರಿಗೆ ಮಾಡಿಸಿದ್ದ ಹೆಂಗಸು. ಗಿರಿಜವ್ವ ಸಂದೇಶ ಹೇಳಿದಾಗ, ನಮಗೆಂದು ಬಿಟ್ಟುಹೋದದ್ದನ್ನು ಬಿಸಾಡುವುದು ಮರ್ಯಾದೆಯಲ್ಲ ಎಂದಳು. ಕ್ರಿಸ್‌ಮಸ್ಸಿಗೊಮ್ಮೆ ಹುಣಸೆಹಣ್ಣು ಹಚ್ಚಿ ನನ್ನನ್ನು ಫಳಫಳ ತಿಕ್ಕತೊಡಗಿದಳು. ತಿಕ್ಕುತ್ತಾ ಹಿಂದಿನವರ ವಿಷಯವನ್ನು ಗಿರಿಜವ್ವನಿಂದ ಒಂದೊಂದಾಗಿ ಬಿಡಿಸಿಕೊಂಡಳು. ಶುಕ್ರವಾರದ ದೀಪ, ಶನಿವಾರದ ತಂಗಳು, ಎಂಟನೆಯ ದಿನದ ಸುನ್ನತಿ, ಹಂದಿ ಮುಟ್ಟದ ಅಡಿಗೆಮನೆ. ಎಲ್ಲ ಕೇಳಿ ಒಂದು ದಿನ ಕೈ ನಿಲ್ಲಿಸಿ, "ಏ ಗಿರಿಜಾ, ಇದು ಯೇಸುನ ಅವ್ವ ಮರಿಯಮ್ಮನ ಮನೀ ಹಂಗ ಐತಲ್ಲ" ಎಂದಳು.

ಭಾನುವಾರ ಚರ್ಚಿನಲ್ಲಿ ನಲವತ್ತು ಮಕ್ಕಳಿಗೆ ಯೇಸುವಿನ ಕತೆ ಹೇಳುವ ಕೆಲಸ ಎಸ್ತೇರವ್ವನದು. ಗಂಡ ತೀರಿಕೊಂಡಿದ್ದ, ಆಸ್ಪತ್ರೆ ಬಿಟ್ಟಾಗಿತ್ತು. ಆ ಒಂದು ಗಂಟೆಗಾಗಿ ಅವಳು ವಾರದ ಆರು ದಿನ ಬದುಕುತ್ತಿದ್ದಳು ಎಂದರೆ ತಪ್ಪಲ್ಲ. ಶನಿವಾರ ಸಂಜೆ ನನ್ನ ಕೆಳಗಿನ ಮೆಟ್ಟಿಲ ಮೇಲೆ ಕೂತು ಮರುದಿನದ ಕತೆಯನ್ನು ಕೋಳಿಗಳಿಗೆ ಹೇಳಿ ನೋಡುವಳು. ಈಗ ಅವಳ ಕತೆಗಳಲ್ಲಿ ಮರಿಯಮ್ಮ ಶುಕ್ರವಾರ ದೀಪ ಹಚ್ಚುತ್ತಿದ್ದಳು. ಯೇಸು ಎಂಬ ಹುಡುಗ ಬಾಗಿಲ ಕಂಬ ಮುಟ್ಟಲು ಹಾರಿ ಹಾರಿ ನೋಡುತ್ತಿದ್ದ.

ಒಂದು ಭಾನುವಾರ ಶೀಬಾ ಎಂಬ ಹುಡುಗಿ, ಯೇಸು ಯಾವ ಚರ್ಚಿಗೆ ಹೋಗುತ್ತಿದ್ದ ಎಂದು ಕೇಳಿದಳಂತೆ. ಎಸ್ತೇರವ್ವ, ಆಗ ಚರ್ಚೇ ಇರಲಿಲ್ಲ ಮಗಳೇ, ಅವನು ಯೆಹೂದ್ಯರ ಸಭಾಮಂದಿರಕ್ಕೆ ಹೋಗುತ್ತಿದ್ದ, ಯೆಹೂದ್ಯನಾಗಿ ಹುಟ್ಟಿ ಯೆಹೂದ್ಯನಾಗಿಯೇ ಇದ್ದ, ಕ್ರೈಸ್ತರು ಎಂಬ ಹೆಸರು ಅವನ ಹಿಂದೆ ಹೋದ ನಮ್ಮಂಥವರಿಗೆ ಆಮೇಲೆ ಬಂದದ್ದು ಎಂದಳು. ಶೀಬಾ ಇದನ್ನು ಮನೆಯ ಊಟದಲ್ಲಿ ಬಡಿಸಿದಳು. ಅವಳಪ್ಪ ಜಯಶೀಲ ಮಾಸ್ತರ, ಚರ್ಚಿನ ಹಿರಿಯ, ಶಾಲೆಯ ಹೆಡ್‌ಮಾಸ್ತರ. ಕೈಯಲ್ಲಿದ್ದ ತುತ್ತು ಕೆಳಗಿಟ್ಟನಂತೆ.

ಮುಂದಿನ ಭಾನುವಾರ ಮಧ್ಯಾಹ್ನ ಮಾಸ್ತರ ನಮ್ಮ ಬಾಗಿಲಿಗೆ ಬಂದ. ಜೊತೆಗೆ ಚರ್ಚಿನ ಪಾದ್ರಿ, ಇನ್ನೂ ಮೀಸೆ ಸರಿಯಾಗಿ ಬಲಿಯದ ತರುಣ ಅಯ್ಯನವರು. ಮಾಸ್ತರನ ಆರೋಪ ಎರಡು. ಒಂದು, ಎಸ್ತೇರವ್ವ ಮಕ್ಕಳಿಗೆ ನಮ್ಮ ಯೇಸು ನಮ್ಮವನೇ ಅಲ್ಲ ಎಂದು ಕಲಿಸುತ್ತಿದ್ದಾಳೆ. ಎರಡು, ಬಾಗಿಲಿಗೆ ತಾಯತ ಕಟ್ಟಿದ್ದಾಳೆ. ತಾಯತ ಕಿತ್ತು, ಮಕ್ಕಳ ಮುಂದೆ ತಪ್ಪಾಯಿತು ಎನ್ನಬೇಕು. ಇಲ್ಲವಾದರೆ ಕ್ಲಾಸು ಬೇರೆಯವರಿಗೆ.

ಎಸ್ತೇರವ್ವ ಮೊದಲು ಇಬ್ಬರಿಗೂ ಚಹಾ ಕೊಟ್ಟಳು. ಆಮೇಲೆ ಸೆರಗು ಸರಿಮಾಡಿಕೊಂಡು ಕಂಬಕ್ಕೆ ಒರಗಿ ನಿಂತಳು.

"ಮಾಸ್ತರ, ನಿಮ್ಮ ಶೀಬಾನ್ನ ಹೆರಿಗಿ ಮಾಡಿಸಿದಾಕಿ ನಾನು. ಎರಡು ಸಾವಿರ ಕೂಸು ಹಿಡದೇನಿ ಈ ಕೈಯಾಗ. ಒಂದರ ಕೂಸು ಕೀರ್ತನಿ ಪುಸ್ತಕ ಹಿಡ್ಕೊಂಡು ಹೊರಗ ಬಂದಿದ್ದು ನೋಡಿಲ್ಲ. ಯಾವ ತಾಯಿ ಮಡಲಾಗ ಬೀಳತೈತೋ ಆ ಮನಿ ಕೂಸು ಅದು. ಮರಿಯಮ್ಮ ಯೆಹೂದ್ಯರಾಕಿ. ಮಗ ಎಲ್ಲಿಂದ ಬ್ಯಾರೆ ಆದಾನು?"

"ಹಂಗಂದ್ರ ನಾವು ಯಾರ್ರೀ ಅವ್ವಾರ?" ಎಂದ ಮಾಸ್ತರ. ಕೇಳಿದ್ದು ಗಡುಸಾಗಿಯೇ. ಆದರೆ ಆ ದನಿಯ ಅಡಿಯಲ್ಲಿ ಒಂದು ಅಂಜಿಕೆಯಿತ್ತು. ಇಷ್ಟು ವರ್ಷ ತನ್ನವನೆಂದು ಹಾಡಿದವನನ್ನು ಯಾರೋ ಬಂದು ಕರೆದುಕೊಂಡು ಹೋಗುತ್ತಾರೇನೋ ಎಂಬ ಅಂಜಿಕೆ.

"ನಾವು ಅವನ ಬೀಗರು ಅಂತ ತಿಳ್ಕೋರಿ. ಬೀಗರಾದ ಮ್ಯಾಲ ಅವನ ತವರುಮನೀ ಬೈಯೂದು ಚಂದ ಅಲ್ಲ."

ಅಯ್ಯನವರಿಗೆ ನಗು ಬಂತು. ಚಹಾದ ಬಟ್ಟಲು ಅಡ್ಡ ಹಿಡಿದುಕೊಂಡರು. ಮಾಸ್ತರನಿಗೆ ಬರಲಿಲ್ಲ. ಅವನು ತಂದಿದ್ದ ಸ್ಕ್ರೂಡ್ರೈವರಿನಿಂದ ನನ್ನ ಎರಡೂ ಕಿವಿ ಬಿಚ್ಚಿದ. ಮುಚ್ಚಳ ತಿರುಗಿಸಿ ಬುಡಮೇಲು ಮಾಡಿ ತಟ್ಟಿದ. ಮೂಳೆ, ಬೂದಿ, ಕರಿದಾರ ಏನಾದರೂ ಬೀಳುತ್ತದೆ ಎಂದು ಕಾದನೋ ಏನೋ. ಬಿದ್ದದ್ದು ಚರ್ಮದ ಸುರುಳಿ.

ಅಯ್ಯನವರು ಅದನ್ನು ಬಿಡಿಸಿದರು. ಬೆಂಗಳೂರಿನ ಕಾಲೇಜಿನಲ್ಲಿ ಎರಡು ವರ್ಷ ಹೀಬ್ರೂ ಕಲಿತು, ಪರೀಕ್ಷೆ ಮುಗಿದ ಮರುದಿನವೇ ಮರೆತವರು. ಆದರೂ ಬಲದಿಂದ ಎಡಕ್ಕೆ ಬೆರಳಿಟ್ಟು, ಅಂಬೆಗಾಲಿಡುವ ಮಗುವಿನಂತೆ ಓದತೊಡಗಿದರು. ನನಗೆ ಮೈ ಜುಮ್ಮೆಂದಿತು. ಹಾಯೇಮ್ ಬೆಳಿಗ್ಗೆ ಕಣ್ಣು ಮುಚ್ಚಿ ಹೇಳುತ್ತಿದ್ದ ಅದೇ ದನಿಗಳು. ಅವು ಇಷ್ಟು ದಿನ ನನ್ನ ಹೊಟ್ಟೆಯಲ್ಲಿಯೇ ಇದ್ದವು.

ಅಯ್ಯನವರು ಒಂದೇ ಸಾಲು ಓದಿ ನಿಲ್ಲಿಸಿದರು. ಮಾಸ್ತರನ ಕಂಕುಳಲ್ಲಿದ್ದ ದಪ್ಪ ಕಪ್ಪು ಪುಸ್ತಕವನ್ನು ತೆಗೆಸಿದರು. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಎಂದು ಒಬ್ಬ ಶಾಸ್ತ್ರಿ ಯೇಸುವನ್ನು ಕೇಳುತ್ತಾನಲ್ಲ, ಆ ಜಾಗ ಓದಿರಿ ಎಂದರು. ಮಾಸ್ತರ ಹೆಡ್‌ಮಾಸ್ತರನ ದನಿಯಲ್ಲಿಯೇ ಶುರುಮಾಡಿದ. ಕೇಳಿರಿ, ದೇವರು ಒಬ್ಬನೇ, ಅವನನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸಿರಿ ಎಂಬ ಮಾತು ಬಂತು. ಓದುತ್ತಾ ಓದುತ್ತಾ ದನಿ ಸಣ್ಣದಾಯಿತು. ಅಯ್ಯನವರ ಬೆರಳು ಸುರುಳಿಯ ಮೇಲೆ ಅದೇ ಮಾತಿನ ಮೇಲಿತ್ತು. ಇದನ್ನು ಮನೆಯ ಬಾಗಿಲ ಕಂಬಗಳ ಮೇಲೂ ಬರೆಯಿರಿ ಎಂದು ಸುರುಳಿಯಲ್ಲಿ ಮುಂದೆ ಇದೆ ಎಂದೂ ಅವರು ಹೇಳಿದರು.

ಆಮೇಲೆ ಎಸ್ತೇರವ್ವ ಮೆಲ್ಲಗೆ ಅಂದಳು. "ಹಂಗಾದ್ರ ಅಷ್ಟು ದೊಡ್ಡ ಪ್ರಶ್ನಿ ಕೇಳಿದಾಗ, ಅವ ತನ್ನವ್ವನ ಮನೀ ಬಾಗಿಲದಾಗ ಇದ್ದ ಮಾತನ್ನ ಹೇಳಿದ್ನಲ್ರೀ."

ಮಾಸ್ತರ ಪುಸ್ತಕ ಮುಚ್ಚಿದ. ತಪ್ಪಾಯಿತು ಎನ್ನುವ ಅಭ್ಯಾಸ ಅವನಿಗೆ ಇರಲಿಲ್ಲ, ಹೆಡ್‌ಮಾಸ್ತರರಿಗೆ ಅದು ಬರುವುದು ಕಷ್ಟ. ಬದಲಿಗೆ ಸುರುಳಿಯನ್ನು ಜೋಪಾನವಾಗಿ ಸುತ್ತಿ ನನ್ನೊಳಗೆ ಸೇರಿಸಿ, ತಾನೇ ಕಂಬಕ್ಕೆ ಹಚ್ಚತೊಡಗಿದ. ಕಣ್ಣು ಕಿರಿದು ಮಾಡಿ, ಗೆರೆ ಎಳೆದಂತೆ ನೇರವಾಗಿ.

"ಓರೆ ಇತ್ತು ಮಾಸ್ತರ, ಓರೇನ ಹಚ್ರಿ," ಎಂದಳು ಎಸ್ತೇರವ್ವ.

"ನೇರ ಇದ್ರ ಚಂದಲ್ಲೇನ್ರಿ?"

"ನಿಮ್ಮ ಸಾಲಿ ಅಲ್ಲ ಅದು. ಅವ್ರ ಬಾಗಿಲ."

ಮತ್ತೆ ಬಿಚ್ಚಿ ಓರೆಯಾಗಿ ಹಚ್ಚಿದ. ಕ್ಲಾಸಿನ ಮಾತು ಯಾರೂ ಎತ್ತಲಿಲ್ಲ. ಮುಂದಿನ ಭಾನುವಾರ ಮಾಸ್ತರ, ತಪಾಸಣೆ ಮಾಡುತ್ತೇನೆಂದು ಹೇಳಿ ಹಿಂದಿನ ಬೆಂಚಿನಲ್ಲಿ ಕೂತನಂತೆ. ಆ ತಪಾಸಣೆ ಹದಿನಾರು ವರ್ಷ ನಡೆಯಿತು.

ಆಮೇಲೊಂದು ಮಧ್ಯಾಹ್ನ, ಬಿಳಿಕೂದಲು ಇಣುಕತೊಡಗಿದ್ದ ಹೆಂಗಸೊಬ್ಬಳು ಬಂದು ಬಾಗಿಲಲ್ಲಿ ನಿಂತಳು. ನನ್ನನ್ನು ಮುಟ್ಟಿ ಬೆರಳಿಗೆ ಮುತ್ತು ಕೊಟ್ಟಳು. ಈಗ ಹಾರಬೇಕಾಗಿರಲಿಲ್ಲ. ಡೀನಾ. ಒಳಗೆ ಕಾಲಿಟ್ಟವಳು ಯೇಸುವಿನ ಪಟ ನೋಡಿದಳು, ಇಸಾಕನನ್ನು ನೋಡಿದಳು, ಬಿದ್ದು ಬಿದ್ದು ನಕ್ಕಳು. ನೋಟಿಸ್ ಬೋರ್ಡಿನ ಕತೆ ಹೇಳಿದಳು. ಇಸಾಕನಿಗೂ ನಗು ತಡೆಯಲಾಗಲಿಲ್ಲ. ಕೊಡೆ ಸಿಗಿಸಿದ್ದಕ್ಕೆ ಕ್ಷಮೆಯನ್ನೂ ಕೇಳಿದ.

ಎಸ್ತೇರವ್ವನೇ ಹೇಳಿದಳು, ತಪ್ಪಿನಿಂದ ನಮಗೆ ಬಂದದ್ದು, ನಿನ್ನದನ್ನು ನೀನು ಒಯ್ಯಿ ಎಂದು. ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಡೀನಾ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ನನ್ನನ್ನು ಕಂಬದಿಂದ ಬಿಚ್ಚಿ, ಮುಚ್ಚಳ ತೆಗೆದು, ಸುರುಳಿಯನ್ನು ಮಾತ್ರ ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಅದು ಓದಿ ನಡೆಸುವವರ ಬಾಗಿಲಲ್ಲಿ ಇರಬೇಕು ಎಂದಳು. ನನ್ನನ್ನು ಎಸ್ತೇರವ್ವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಹಿತ್ತಾಳಿ ಹುಬ್ಬಳ್ಳೀದು ಆಯಿ. ಇಲ್ಲೇ ಇರ್ಲಿ."

ಮೊನ್ನೆ ಹಳೆಯ ಕ್ವಾರ್ಟರ್ಸನ್ನೆಲ್ಲ ಕೆಡವಿದರು. ಈಗ ನಾನು ಚರ್ಚಿನ ಹಿಂದಿನ, ಮಕ್ಕಳ ಕ್ಲಾಸಿನ ಕೋಣೆಯ ಬಾಗಿಲಲ್ಲಿದ್ದೇನೆ. ಹಚ್ಚಿದವನು ಜಯಶೀಲ ಮಾಸ್ತರನೇ. ಅವನಿಗೀಗ ಕನ್ನಡಕವಿದ್ದರೂ ಸ್ಕ್ರೂವಿನ ತಲೆ ಕಾಣುವುದಿಲ್ಲ. ಪಾಠ ಈಗ ಶೀಬಾ ಹೇಳುತ್ತಾಳೆ. ಎಂಬತ್ತು ದಾಟಿದ ಎಸ್ತೇರವ್ವ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದಳು. ಮಾಸ್ತರ ನನ್ನನ್ನು ಕಂಬಕ್ಕೆ ಒತ್ತಿ ಹಿಡಿದ, ತಲೆಯನ್ನು ಒಂದಿಷ್ಟು ಒಳಗಡೆಗೆ ಬಾಗಿಸಿದ, ಸ್ಕ್ರೂ ತಿರುಗಿಸಿದ.

"ಈ ಸಲ ನಾ ಏನೂ ಹೇಳಿಲ್ಲ ನೋಡ್ರಿ ಮಾಸ್ತರ," ಎಂದಳು ಎಸ್ತೇರವ್ವ.

"ಆವಾಗ ಹೇಳಿದ್ದು ಕೇಳಿಸ್ಕೊಂಡೇನ್ರಿ ಅವ್ವಾರ," ಎಂದ ಮಾಸ್ತರ.

ನನ್ನ ಹೊಟ್ಟೆ ಈಗ ಖಾಲಿ. ಆದರೆ ಹಿಂದೆ ತುಂಬಿದ್ದಾಗ ನನ್ನೊಳಗೆ ಏನಿದೆ ಎಂದು ನನಗೇ ಗೊತ್ತಿರಲಿಲ್ಲ. ಈಗ ಆ ಮಾತು ನನಗೆ ಬಾಯಿಪಾಠವಿದೆ. ಭಾನುವಾರ ಮಕ್ಕಳು ಸಾಲಾಗಿ ಬರುತ್ತಾರೆ. ಎಟುಕುವವರು ಮುಟ್ಟಿ ಒಳಗೆ ಹೋಗುತ್ತಾರೆ. ಎಟುಕದವರು ಹಾರುತ್ತಾರೆ.