ಅಕ್ಕನ ಎಡ ಕವಾಟ

ಜೆಲ್ ತಣ್ಣಗಿದೆ, ಅಕ್ಕನ ಮೈ ಝುಮ್ಮೆಂದಿತು, ಸ್ವಲ್ಪ ಬೆಚ್ಚಗೆ ಮಾಡ್ಕೊಂಡು ಹಚ್ಚೋಕೆ ನಿಂಗೇನೇ ರೋಗ ಎನ್ನುತ್ತಾಳೆ, ಎಡಕ್ಕೆ ಹೊರಳಕ್ಕಾ ಎಂದೆ, ಹೊರಳಿದಳು, ಎರಡು ಮಹಡಿ ಹತ್ತಿದವಳಿಗೆ ಇನ್ನೂ ಏದುಸಿರು — ಐದು ತಿಂಗಳ ಬಸುರಿಗೆ ಇನ್ನೇನು ಕಣೇ — ಇರಬಹುದು, ದಿನಕ್ಕೆ ಇಪ್ಪತ್ತು ಹೃದಯ ನೋಡುವವಳು ನಾನು, ಇದೂ ಒಂದು, ಪಕ್ಕೆಲುಬಿನ ಸಂದಿಗೆ ಸ್ಕ್ಯಾನಿನ ಪ್ರೋಬ್ ಒತ್ತಿದೆ, ಪರದೆಯಲ್ಲಿ ನಾಲ್ಕು ಕೋಣೆ ಮೂಡಿದವು, ಮೈಯೆಲ್ಲ ಸುತ್ತಿದ ರಕ್ತ ಬಲಗಡೆ ಮೇಲಿನ ಕೋಣೆಗೆ ಬರುತ್ತದೆ, ಕೆಳಗಿನದಕ್ಕೆ ಇಳಿದು ಶ್ವಾಸಕೋಶಕ್ಕೆ ಹೋಗುತ್ತದೆ, ಆಮ್ಲಜನಕ ತುಂಬಿಕೊಂಡು ಎಡಗಡೆ ಮೇಲಿನದಕ್ಕೆ ಮರಳಿ, ಕವಾಟ ದಾಟಿ, ಕೆಳಗಿನದರಿಂದ ಒಂದೇ ಒತ್ತಿಗೆ ಮತ್ತೆ ಮೈಯೆಲ್ಲ, ಹರಿವು ಕಾಣಲು ಪರದೆಗೆ ಬಣ್ಣ ಹಾಕಿದೆ — ಕೆಂಪು ಒಳ್ಳೇ ರಕ್ತ, ನೀಲಿ ಕೆಟ್ಟದ್ದಾ, ಅಕ್ಕ ಕತ್ತು ಹೊರಳಿಸಿ ಕೇಳುತ್ತಾಳೆ, ಅಲ್ಲಕ್ಕಾ, ಪ್ರೋಬ್ ಕಡೆ ಬರೋದು ಕೆಂಪು, ದೂರ ಹೋಗೋದು ನೀಲಿ, ಹಾಗಾದ್ರೆ ಈ ಹಳದಿ ಏನೇ. ಹಳದಿ. ಕಿರಿದಾದ ಕಡೆ ರಕ್ತ ನುಗ್ಗುವಾಗಿನ ಬಣ್ಣ, ಪ್ರೋಬ್ ಸರಿಸಿ ಕವಾಟವನ್ನು ಅಡ್ಡಕ್ಕೆ ನೋಡಿದೆ, ಎರಡೂ ಎಸಳು ದಪ್ಪ, ಅಂಚಿನಲ್ಲಿ ಅಂಟಿವೆ, ಮೀನಿನ ಬಾಯಿ, ತೆರೆಯುತ್ತದೆ, ಪೂರ್ತಿ ತೆರೆಯುವುದಿಲ್ಲ — ಗಂಟಲು ನೋವು, ಜ್ವರ, ಊದಿದ ಮಂಡಿ, ಆಗ ಅಕ್ಕನಿಗೆ ಹನ್ನೆರಡು, ನನಗೆ ಹತ್ತು, ಆ ಜ್ವರ ಮರುಕಳಿಸಿ ಹೃದಯದ ಕವಾಟ ಕೆಡಿಸದಿರಲೆಂದು ಮೂರು ವಾರಕ್ಕೊಂದು ಇಂಜೆಕ್ಷನ್, ಹಾಕಿಸಿಕೊಂಡರೆ ಎರಡು ದಿನ ಕೂರಲಾಗದು, ಜೊತೆಗೆ ಹೋಗಿ ಹಾಕಿಸ್ಕೊಂಡು ಬಾ ಎಂದು ನನಗೆ ಹೇಳಿ ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು, ನಾವು ಆಸ್ಪತ್ರೆಯ ಗೇಟು ಹೊಗದೆ ಮುಂದೆ ಹೋಗಿ ಈಜುಕೊಳದ ಬೇಲಿಗೆ ಆತು ನಿಂತು, ಜನ ಧುಮುಕುವುದನ್ನು ನೋಡಿ ಮನೆಗೆ ಬರುತ್ತಿದ್ದೆವು, ಅಮ್ಮಂಗೆ ಹೇಳಿದ್ಯೋ ನೋಡು ಎಂದು ಅಕ್ಕ, ಹಾಕಿಸ್ಕೊಂಡ್ಳಾ ಎಂದು ಅಮ್ಮ, ಹೂಂ ಅಮ್ಮಾ ಎಂದು ನಾನು, ಹೀಗೆ ತಪ್ಪಿಸಿದ್ದು ಎಷ್ಟು ಸಲ, ಎಂಟೋ ಹತ್ತೋ. ಕವಾಟದ ಬಾಯಿ ಅಳೆಯುತ್ತೇನೆ, ನಾಲ್ಕು ಚದರ ಸೆಂಟಿಮೀಟರ್ ಇರಬೇಕಾದದ್ದು ಒಂದೇ ಒಂದು, ಬಸುರಿನಲ್ಲಿ ರಕ್ತ ಹೆಚ್ಚುತ್ತದೆ, ದಾರಿ ಅಗಲವಾಗುವುದಿಲ್ಲ, ಮುಂದೆ ಹೋಗಲಾಗದ್ದು ಶ್ವಾಸಕೋಶದಲ್ಲಿ ಕಟ್ಟಿಕೊಳ್ಳುತ್ತದೆ, ಅದಕ್ಕೇ ಏದುಸಿರು — ಮುಖ ಯಾಕೇ ಹಾಗೆ ಮಾಡ್ಕೊಂಡೆ. ರೋಗಿಗೆ ಡಾಕ್ಟರೇ ಹೇಳಬೇಕು, ನಿಯಮ ಹಾಗಿದೆ, ಸುಮ್ಮನಿರುವುದು ನನಗೆ ಹೊಸದೂ ಅಲ್ಲ, ಆದರೂ ಹೇಳಿಬಿಟ್ಟೆ, ಅಕ್ಕಾ, ಕವಾಟ ಕಿರಿದಾಗಿದೆ, ಆ ಜ್ವರದ್ದೇ, ನಾವು ಇಂಜೆಕ್ಷನ್ ತಪ್ಪಿಸಿದ್ವಲ್ಲ. ಅವಳ ಕೈ ಹೊಟ್ಟೆಗೆ ಹೋಯಿತು, ತಪ್ಪಿಸಿದ್ದು ನಾನು, ನೀನಲ್ಲ, ಮಗು ಉಳಿಯುತ್ತಾ ಹೇಳು. ಫೋನ್ ಮಾಡಿದೆ, ಡಾಕ್ಟರ್ ಬಂದರು, ಪರದೆಗೆ ಬಾಗಿದರು, ರಕ್ತನಾಳದೊಳಗಿಂದ ಬಲೂನ್ ಹಾಕಿ ಅಗಲ ಮಾಡ್ಬಹುದಮ್ಮಾ, ಬಸುರಿಯರಿಗೂ ಮಾಡಿದೀವಿ, ಇವತ್ತೇ ಅಡ್ಮಿಟ್ ಆಗಿ, ಅಕ್ಕ ಹೂಂ ಎಂದಳು, ನನ್ನ ಕಡೆ ನೋಡಿ ಇನ್ನೊಮ್ಮೆ ಹೂಂ ಎಂದಳು, ಸಾಕು, ಜೆಲ್ ಒರೆಸಿಬಿಡಿ ಎಂದು ನನಗೆ ಹೇಳಿ ಡಾಕ್ಟರ್ ಹೊರಟರು, ಪ್ರೋಬ್ ಎತ್ತಬೇಕು, ಕೈ ಏಳುತ್ತಿಲ್ಲ, ಮೀನಿನ ಬಾಯಿ, ತೆರೆಯುತ್ತದೆ, ಪೂರ್ತಿ ತೆರೆಯುವುದಿಲ್ಲ, ತೆರೆಯುತ್ತದೆ —