ಆರು ಪ್ರಶ್ನಾರ್ಥಕ ಚಿಹ್ನೆಗಳು

೧
ಎಲ್ಲಿಂದ ಶುರು ಮಾಡಲಿ? ಗೋರಿಯಿಂದ ಮಾಡಿದರೆ ನೀವು ಅಳುತ್ತೀರಿ, ಕಂಪ್ಯೂಟರ್ ಕೋಡಿನಿಂದ ಮಾಡಿದರೆ ಆಕಳಿಸುತ್ತೀರಿ. ಕೌಂಟರಿನಿಂದ ಮಾಡುತ್ತೇನೆ, ತೆಪ್ಪಗೆ ಓದಿ.

ಸ್ಮಶಾನದ ಕಚೇರಿ. ಕೌಂಟರಿನಾಚೆ ಒಬ್ಬ ಅಕ್ಕ ನಿಂತಿದ್ದಾಳೆ. ಅವಳ ತಮ್ಮ ಆಸ್ಪತ್ರೆಯಲ್ಲಿ ಸತ್ತ. ಮನೆಯವರು ಯಾರೂ ಬರಲಿಲ್ಲವೆಂದು ಅವನನ್ನು ಇಲ್ಲೇ ಹೂಳಿದರು. ಆ ಸುದ್ದಿ ಅವಳಿಗೆ ಮುಟ್ಟಿದ್ದು ಎರಡು ವರ್ಷದ ಮೇಲೆ. ಇಲ್ಲಿನ ಕಲ್ಲುಗಳ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದ್ದೆಂಬುದು ಕಂಪ್ಯೂಟರಿನ ಪಟ್ಟಿಯಲ್ಲಿದೆ.

(ಇದೆ ಎಂದೆನೇ? ಇತ್ತು.)

೨
ಕೌಂಟರಿನ ಈಚೆಗೆ ಕೋಡು ಬರೆಯುವವನು ಕೂತಿದ್ದಾನೆ. ಪುರಸಭೆ ನಗರಸಭೆಯಾದಾಗ, ಪಟ್ಟಿಯಲ್ಲಿ ಆ ಒಂದು ಪದ ಬದಲಿಸುವ ಕೆಲಸ ಇವನ ತಲೆಗೆ ಬಿತ್ತು. ನಾಲ್ಕು ಸಾಲಿನ ಕೋಡು. ಓಡಿಸಿದ. ಎರರ್ ಬಂತು: ಈ ಅಕ್ಷರ ನನಗೆ ಗೊತ್ತಿಲ್ಲ. ಕನ್ನಡ ಅಕ್ಷರಗಳನ್ನು ಯಾವ ಎನ್‌ಕೋಡಿಂಗಿನಲ್ಲಿ, ಅಂದರೆ ಯಾವ ಲಿಪಿಸಂಕೇತದಲ್ಲಿ, ಉಳಿಸಬೇಕೆಂದು ಇವನು ಅದಕ್ಕೆ ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ. ಗೊತ್ತಿಲ್ಲದ ಅಕ್ಷರ ಬಂದರೆ ಅದರ ಜಾಗದಲ್ಲಿ ಪ್ರಶ್ನಾರ್ಥಕ ಹಾಕಿ ಮುಂದೆ ಹೋಗು ಎಂದ.

ಹೋಯಿತು. ಅಂಕಿಗಳು ಉಳಿದವು. ಹೆಸರುಗಳು ಹೋದವು.

"ಎರರ್ ಯಾಕೆ ಬಂತು ಅಂತ ನೋಡೋಕೆ ಏನಾಗಿತ್ತಯ್ಯಾ ನಿನಗೆ?" ಎಂದು ನಾನು ರೇಗಿದೆ.

"ಊಟದ ಹೊತ್ತಾಗಿತ್ತು ಸಾರ್. ಊಟ ಬಿಟ್ಟು ಕೂತೆ ಅಂತ ನೀವೇ ಬರೀಬಹುದಿತ್ತಲ್ಲ?"

(ಬರೆದಿದ್ದೆ. ಸುಳ್ಳೆನಿಸಿತು. ಹರಿದೆ.)

೩
"ನನ್ನ ತಮ್ಮನ ಹೆಸರು ಮೂರೇ ಅಕ್ಷರ ಕಣಪ್ಪಾ."

"ಕಂಪ್ಯೂಟರ್ ಗುಣಿತ, ಒತ್ತು ಎಲ್ಲಾನೂ ಬೇರೆಬೇರೆ ಎಣಿಸುತ್ತೆ ಅಕ್ಕ. ಅದರ ಲೆಕ್ಕಕ್ಕೆ ಆರು, ಅಂದ್ರೆ ಪಟ್ಟಿಲಿ ಆರು ಪ್ರಶ್ನಾರ್ಥಕ."

"ಆರು ಇರೋರು?"

"ಆ ತಿಂಗಳಲ್ಲಿ... ನಾಲ್ಕು ಜನ."

"ಅಂದ್ರೆ ನಾಲ್ಕು ಕಡೆ ಮಲಗಿದಾನಾ ನನ್ನ ತಮ್ಮ?"

೪
ಮುಕ್ತಾಯ, ಒಂದನೆಯದು: ಹಳೇ ಪಟ್ಟಿಯ ಬ್ಯಾಕಪ್ ಸಿಗುತ್ತದೆ.

"ಬೇಡ ಸಾರ್," ಅಂದ ಕೋಡಿನವನು. "ಅವತ್ತು ಸಂಜೆಯೇ ಹೊಸ ಫೈಲು ಅದರ ಮೇಲೂ ಕೂತುಬಿಡ್ತು. ಹಳೇ ರಿಜಿಸ್ಟರ್ ರದ್ದಿಗೆ ಹೋಯ್ತು. ಸುಮ್ಮನೆ ಆಸೆ ಹುಟ್ಟಿಸಬೇಡಿ."

ಮುಕ್ತಾಯ, ಎರಡನೆಯದು: ಅವನು ನಾಲ್ಕರಲ್ಲೊಂದು ನಂಬರು ಹೇಳುತ್ತಾನೆ. ಅವಳು ಯಾರದ್ದೋ ಕಲ್ಲನ್ನು ತಬ್ಬಿ ಅತ್ತು, ಹಗುರಾಗಿ ಮನೆಗೆ ಹೋಗುತ್ತಾಳೆ. ಚೆನ್ನಾಗಿದೆ, ಅಲ್ಲವೇ? ಇದನ್ನು ಬರೆಯಲು ಪೆನ್ನೂ ಎತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

"ಬರೆಯೋರೇ, ನನ್ನ ಬಾಯಿಗೆ ಮೂರಕ್ಷರ ಅಂತಷ್ಟೇ ಕೊಟ್ರಿ, ಹೆಸರು ಕೊಡಲಿಲ್ಲ. ನಿಮಗಾದ್ರೂ ಅವನ ಹೆಸರು ಗೊತ್ತಿರಬೇಕಲ್ಲ?"

ಮೊದಲ ಕರಡಿನಲ್ಲಿ ಅವನಿಗೊಂದು ಹೆಸರಿಟ್ಟಿದ್ದೆ. ಹೆಸರುಗಳಿಲ್ಲದೆ ಬರೆಯುತ್ತೇನೆಂಬ ಶೋಕಿಗೆ ಬಿದ್ದು ಹೊಡೆದುಹಾಕಿದೆ. ಈಗ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ.

೫
"ನೀವು ಹೆಸರು ಹೇಳೋವರೆಗೂ ಇಲ್ಲೇ ಕೂತಿರ್ತೀನಿ," ಎಂದಳು. ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಳು, ಚೀಲವನ್ನು ಮಡಿಲಲ್ಲಿಟ್ಟುಕೊಂಡು.

ಕೋಡಿನವನು ಗಡಿಯಾರ ನೋಡಿದ, ಆಮೇಲೆ ನನ್ನನ್ನು. "ಮುಗಿಸಿ ಸಾರ್. ಬಾಗಿಲು ಹಾಕಬೇಕು."

ಮುಗಿಸಿದರೆ ಅವಳನ್ನು ಎಬ್ಬಿಸಬೇಕು. ನೀವು ಬೇಕಾದರೆ ಪುಟ ಮಡಚಿ ಏಳಿ. ಅವಳು ಕೂತಿದ್ದಾಳೆ,