ಬಂದ ಅಭಿಪ್ರಾಯ: ಒಂದು

ರಾಜನಿಂದ ಶುರು ಮಾಡಲೇ, ಗುಮಾಸ್ತನಿಂದಲೇ? ರಾಜನಿಂದ ಶುರುವಾದ ಕಥೆಯನ್ನು ಜನ ಓದುತ್ತಾರೆ. ಗುಮಾಸ್ತ ನಾನೇ, ಅದೇ ತೊಂದರೆ.

(ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡುವಾಗ 'ಸರ್ಕಾರದ ವಿಧಗಳು ಮತ್ತು ಅವುಗಳಲ್ಲಿ ಪ್ರಜೆಗಳ ಪಾತ್ರ' ಎಂಬ ಹತ್ತು ಅಂಕದ ಪ್ರಶ್ನೆಗೆ ನನಗೆ ಏಳು ಬಂದಿತ್ತು. ಉಳಿದ ಮೂರು ಯಾಕೆ ಹೋಯಿತೆಂದು ಆಗ ತಿಳಿಯಲಿಲ್ಲ. ಈಗ ಅಂದಾಜಿದೆ.)

ಮೊದಲೇ ವಿಷಯ ಹೇಳಿಬಿಡುತ್ತೇನೆ. ಓದುಗರನ್ನು ಕಾಯಿಸುವ ಧೈರ್ಯ ನನಗಿಲ್ಲ. ಕರ್ನಾಟಕದ ಒಂದು ಊರನ್ನು ಹೆದ್ದಾರಿ ಎರಡು ಭಾಗ ಮಾಡಿದೆ. ಡಿವೈಡರಿನಲ್ಲಿ ಒಂದೇ ಒಂದು ಗ್ಯಾಪ್ ಇದೆ. ಅಹಲ್ಯಾ ಎಂಬಾಕೆಯ ಮಗಳು ಗಾನವಿ, ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಕೂತು, ಆ ಗ್ಯಾಪ್ ದಾಟಿ ಆಚೆ ಬದಿಯ ಕಾಲೇಜಿಗೆ ಹೋಗುತ್ತಾಳೆ. ಆ ಗ್ಯಾಪನ್ನು ಮುಚ್ಚಿ ಅರವತ್ತೆರಡು ಮೆಟ್ಟಿಲಿನ ಪಾದಚಾರಿ ಸೇತುವೆ ಕಟ್ಟಬೇಕೆಂದು ದೆಹಲಿಯ ಒಂದು ಇಲಾಖೆ ಯೋಚಿಸಿತು. ಮೂವತ್ತು ದಿನದೊಳಗೆ ಅಭಿಪ್ರಾಯ ತಿಳಿಸಿ ಎಂದು ಜನರನ್ನು ಕೇಳಿತು. ಇಲಾಖೆಯ ಹೆಸರು ಹೇಳುವುದಿಲ್ಲ. ನನಗೆ ಇನ್ನೂ ಒಂಬತ್ತು ವರ್ಷ ಸರ್ವಿಸ್ ಇದೆ.

೧. ರಾಜಪ್ರಭುತ್ವ (ಕರಡು)

ಅಹಲ್ಯಾ ಮೂರು ದಿನ ನಡೆದು ಅರಮನೆ ಮುಟ್ಟಿ ಬಾಗಿಲಿನ ಗಂಟೆ ಬಾರಿಸಿದಳು. ರಾಜ ಊಟದಿಂದ ಎದ್ದು ಬಂದ. ಕೇಳಿದ. ಕಣ್ಣೊರೆಸಿಕೊಂಡ. "ರಸ್ತೆಯನ್ನೇ ಪಕ್ಕಕ್ಕೆ ಸರಿಸಿ" ಎಂದ.

ಈ ವಾಕ್ಯ ನನಗೆ ಬಹಳ ಹಿಡಿಸಿತು. ಇಪ್ಪತ್ತೆರಡು ವರ್ಷದಲ್ಲಿ ಇಂಥದ್ದೊಂದನ್ನು ಟೈಪ್ ಮಾಡುವ ಭಾಗ್ಯ ಸಿಕ್ಕಿಲ್ಲ. ಆದರೆ ಅಹಲ್ಯಾ ಕರಡಿನೊಳಗಿಂದಲೇ ತಿರುಗಿ ನಿಂತಳು.

"ಗಂಟೆ ತನಕ ನಮ್ಮನ್ನ ಯಾರು ಬಿಡ್ತಿದ್ರು ಸಾರ್? ಆ ಕಾಲದಲ್ಲಿ ನನ್ನ ಮಗಳು ಕಾಲೇಜಿಗೆ ಬೇರೆ ಹೋಗ್ತಿದ್ಳಾ?"

ಹರಿದು ಹಾಕಿದೆ.

೨. ಸರ್ವಾಧಿಕಾರ (ಇದೂ ಕರಡು)

ಸೇತುವೆಯ ಉದ್ಘಾಟನೆ. ಪ್ರಜೆಗಳು ಭಾಗವಹಿಸುವುದು ಕಡ್ಡಾಯ, ಹಾಜರಿ ತೆಗೆಯುತ್ತಾರೆ. ನಾಯಕ ಕೈ ಎತ್ತಿದೊಡನೆ ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಗಾನವಿ ಏಳಲಿಲ್ಲ. ಕುಳಿತವರ ಪಟ್ಟಿ ಬರೆಯುವವನು ಅವಳ ಹೆಸರು ಕೇಳಿದ.

(ಇದನ್ನು ಬರೆದು ಒಂದು ಕ್ಷಣ ನನ್ನನ್ನೇ ಮೆಚ್ಚಿಕೊಂಡೆ. ಆಮೇಲೆ ನಾಚಿಕೆಯಾಯಿತು. ಆ ಹುಡುಗಿಯ ಕಾಲನ್ನು ನನ್ನ ಜಾಣತನಕ್ಕೆ ಬಳಸಿಕೊಂಡಿದ್ದೆ.)

ಕರಡಿನೊಳಗಿನ ಅಹಲ್ಯಾ ಇದನ್ನೂ ಓದಿ, ಅಲ್ಲಿ ಒಬ್ಬನಾದರೂ ಅವಳ ಕಡೆ ನೋಡಿದನಲ್ಲ, ಎಂದಳು.

೩. ಪ್ರಜಾಪ್ರಭುತ್ವ (ಕರಡಲ್ಲ, ನಡೆದದ್ದು)

ಆ ಊರಿಂದ ಬಂದದ್ದು ಒಂದೇ ಕಾಗದ. ಕನ್ನಡದಲ್ಲಿತ್ತು, ಆದ್ದರಿಂದ ನನ್ನ ಮೇಜಿಗೆ ಬಂತು. ನಮ್ಮ ಸೆಕ್ಷನ್ನಿನಲ್ಲಿ ಕನ್ನಡ ಬರುವವನು ನಾನೊಬ್ಬನೇ. ಮೂರು ಪುಟ. ಮನೆಯಿಂದ ಗ್ಯಾಪಿನವರೆಗೆ ಮಗಳು ಹ್ಯಾಂಡಲ್ ಎಷ್ಟು ಸುತ್ತು ತಿರುಗಿಸಬೇಕು, ಅವಳನ್ನು ಕಂಡರೆ ಲಾರಿ ನಿಲ್ಲಿಸುವ ಇಬ್ಬರು ಡ್ರೈವರುಗಳ ಹೆಸರೇನು, ಮಳೆ ಬಂದ ದಿನ ಪುಸ್ತಕ ಎಲ್ಲಿಟ್ಟುಕೊಳ್ಳುತ್ತಾಳೆ, ಎಲ್ಲವನ್ನೂ ಬರೆದಿದ್ದಳು. ಕೊನೆಯ ಸಾಲು: 'ನಿಮಗೆ ತೋಚಿದ್ದು ನೀವು ಮಾಡ್ತೀರಿ. ಆಗಲಿ ಬಿಡಿ.'

ಮೂರೂ ಪುಟ ಅನುವಾದ ಮಾಡಿದೆ. ಆದರೆ ವರದಿಯಲ್ಲಿ ಇರುವುದು ಎರಡೇ ಕಾಲಂ: ಬೆಂಬಲ, ವಿರೋಧ.

ಸೆಕ್ಷನ್ ಆಫೀಸರ್ ತ್ಯಾಗಿ ಸಾಹೇಬರು ಕೆಟ್ಟವರಲ್ಲ. ಮನೆಯಿಂದ ತಂದ ಪರಾಠದಲ್ಲಿ ಅರ್ಧ ನನಗೆ ಕೊಡುತ್ತಾರೆ. ವಿರೋಧ ಎಂಬ ಮಾತನ್ನು ಈಕೆ ಎಲ್ಲಾದರೂ ಬರೆದಿದ್ದಾಳೆಯೇ ಎಂದು ಕೇಳಿದರು. ಇಲ್ಲ. ಹಾಗಾದರೆ ಕೊನೆಯ ವಾಕ್ಯ ಏನು? ಹೇಳಿದೆ.

"ಅಚ್ಛಾ, ತೋ ಮಾನ್ ಗಯೀ," ಎಂದರು. ಅಂದರೆ, ಒಪ್ಪಿಕೊಂಡಳು.

ಅದು ಒಪ್ಪಿಗೆಯಲ್ಲ ಸರ್, ಬೇಸತ್ತು ಹೇಳಿದ್ದು ಎಂದೆ. ಷರಾದಲ್ಲಿ ಇಂಗ್ಲಿಷಿನಲ್ಲಿ 'ವಿತ್ ರೆಸಿಗ್ನೇಶನ್' ಎಂದು ಸೇರಿಸಿದೆ. ಸಾಹೇಬರು ಕನ್ನಡಕ ಹಣೆಗೇರಿಸಿದರು.

"ರೆಸಿಗ್ನೇಶನ್? ಯಾವ ಪೋಸ್ಟಿನಲ್ಲಿದ್ದರು ಈ ಮೇಡಂ?"

ಸೆಕ್ಷನ್ನಿಗೆ ಸೆಕ್ಷನ್ನೇ ನಕ್ಕಿತು. ನಾನೂ ನಕ್ಕೆ. (ಈ ವಾಕ್ಯವನ್ನು ನಾಲ್ಕು ಸಲ ಅಳಿಸಿದ್ದೇನೆ.) ಷರಾ ಹೊಡೆದು ಹಾಕಿ ಸಹಿ ಮಾಡಿದೆ.

ಬಂದ ಅಭಿಪ್ರಾಯ: ಒಂದು. ಬೆಂಬಲ: ಒಂದು. ಶೇಕಡಾ ನೂರು. ಎರಡನೇ ಕರಡಿನ ಸರ್ವಾಧಿಕಾರಿಗೂ ಇಷ್ಟು ಸಿಕ್ಕಿರಲಿಲ್ಲ. ಅಲ್ಲಿ ಒಬ್ಬಳು ಕುಳಿತೇ ಇದ್ದಳು.

೪. (ಇದಕ್ಕೆ ಯಾವ ಪ್ರಭುತ್ವ ಎನ್ನುತ್ತಾರೋ ಗೊತ್ತಿಲ್ಲ)

ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ, ಹುರುಳಿಕಾಯಿ ಸೋಸುತ್ತಿದ್ದ ನನ್ನ ಹೆಂಡತಿ ಪದ್ಮಾಗೆ ಕಾಗದದ ಕೊನೆಯ ಸಾಲು, ಎರಡು ಕಾಲಂ, ರೆಸಿಗ್ನೇಶನ್ ಜೋಕ್ ಎಲ್ಲ ಹೇಳಿದೆ. ಅವಳು ನಗಲಿಲ್ಲ.

"ರೀ, ದೆಹಲಿಗೆ ಹೋಗೋಣ ಅಂತ ನೀವಂದಾಗ ನಾನೂ ಆಗಲಿ ಬಿಡಿ ಅಂದಿದ್ದೆ. ಅದನ್ನ ಯಾವ ಕಾಲಂಗೆ ಹಾಕಿದ್ರಿ?"

ತುಮಕೂರಿನಲ್ಲಿ ಹೈಸ್ಕೂಲು ಟೀಚರ್ ಆಗಿದ್ದಳು. ಆ ಕೆಲಸ ಬಿಟ್ಟು ಬಂದಳು. ನಾನು ಟ್ರಾನ್ಸ್‌ಫರಿನ ನಿಯಮ ವಿವರಿಸಲು ಹೊರಟೆ. ಅವಳು ಹುರುಳಿಕಾಯಿಯ ಬುಟ್ಟಿ ಎತ್ತಿಕೊಂಡು, ಕಾಗದದಲ್ಲಿ ಆ ಹೆಂಗಸಿನ ಫೋನ್ ನಂಬರ್ ಇರುತ್ತದಲ್ಲ, ಮಾಡಿ ಹೇಳಿ, ಎಂದು ಒಳಗೆ ಹೋದಳು.

(ಮನೆಯ ವಿಷಯ, ಕಥೆಯಲ್ಲಿ ಹಾಕಬಹುದೇ ಎಂದು ಯೋಚಿಸಿದೆ. ಹಾಕಿದೆ. ಅವಳನ್ನು ಕೇಳಲಿಲ್ಲ.)

೫. ಅಂತ್ಯಗಳು

ಅ) ನಾನು ತಿದ್ದುಪಡಿಯ ನೋಟ್ ಬರೆಯುತ್ತೇನೆ. ತ್ಯಾಗಿ ಸಾಹೇಬರ ಮನ ಕರಗುತ್ತದೆ. ಮೆಟ್ಟಿಲಿನ ಬದಲು ರ‍್ಯಾಂಪ್ ಬರುತ್ತದೆ. "ಸಾರ್, ಇದು ಮತ್ತೆ ಅದೇ ರಾಜನ ಕಥೆ," ಎಂದಳು ಅಹಲ್ಯಾ.

ಆ) ನಾನು ತಿದ್ದುಪಡಿಯ ನೋಟ್ ಬರೆದೆ. ಮಂಗಳವಾರ ವಾಪಸು ಬಂತು: ಅಭಿಪ್ರಾಯ ಸಲ್ಲಿಸುವ ಅವಧಿ ಮುಗಿದಿದೆ, ಪ್ರಸ್ತಾವ ಮಂಜೂರಾಗಿದೆ. (ಇದು ಅಂತ್ಯವಲ್ಲ, ನಡೆದದ್ದೇ. ತಪ್ಪಿ ಈ ಪಟ್ಟಿಯಲ್ಲಿ ಸೇರಿದೆ.)

ಇ) ಬುಧವಾರ ಊಟದ ಹೊತ್ತಿನಲ್ಲಿ, ಆಫೀಸಿನ ಗೇಟಿನಾಚೆ ನಿಂಬೆ ಸೋಡಾ ಭಯ್ಯಾನ ಗಾಡಿಯ ನೆರಳಿನಲ್ಲಿ ನಿಂತು ಫೋನ್ ಮಾಡಿದೆ. ಎತ್ತಿದ್ದು ಗಾನವಿ. ಅಮ್ಮ ಕೆಲಸಕ್ಕೆ ಹೋಗಿದ್ದಾಳೆ ಎಂದಳು. ದೆಹಲಿಯಿಂದ, ಕಾಗದದ ವಿಷಯ, ಎಂದೆ.

"ತಲುಪ್ತಾ ಸಾರ್? ಓದಿದ್ರಾ? ಮೂರೂ ಪುಟ?"

ನಾನೇ ಓದಿದೆ ಎಂದೆ.

"ಯಾರೂ ಓದಲ್ಲ ಅಂತ ಊರಲ್ಲಿ ಎಲ್ಲರೂ ಅಮ್ಮನ್ನ ಆಡ್ಕೊಂಡು ನಗ್ತಿದ್ರು. ಒಬ್ಬರು ಪೂರ್ತಿ ಓದಿದ್ರೂ ಸಾಕು, ಮುಚ್ಚಲ್ಲ ಅಂತಿದ್ರು ಅಮ್ಮ. ಹಂಗಾದ್ರೆ ನಾನು ಎರಡನೇ ವರ್ಷಕ್ಕೆ ಅಡ್ಮಿಷನ್ ಮಾಡಿಸ್ಲಾ ಸಾರ್? ನಾಳೆ ಕೊನೇ ದಿನ."

ಮಾಡಿಸು ಎಂದರೆ ಸುಳ್ಳು. ಬೇಡ ಎಂದರೆ ಅವಳ ಓದು ನಿಲ್ಲಿಸಿದ್ದು ಸೇತುವೆಯಲ್ಲ, ನಾನು. ನೋಟ್ ಬರೆದೆನಮ್ಮ, ಆಗಲಿಲ್ಲ ಎಂದರೆ ಅದು ನನ್ನ ಸಮಾಧಾನಕ್ಕೆ. ನೀವಾಗಿದ್ದರೆ ಏನೆನ್ನುತ್ತಿದ್ದಿರಿ ಎಂದು ಓದುಗರನ್ನು ಕೇಳಬಹುದು, ಆದರೆ ಕೇಳಿದ ಮೇಲೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಹಲೋ? ಸಾರ್, ಲೈನಲ್ಲಿದ್ದೀರಾ?"

ಇಲ್ಲಿ ಪೂರ್ಣವಿರಾಮ ಹಾಕಿದರೆ ಅವಳು ಫೋನ್ ಇಡುತ್ತಾಳೆ, ನಾಳೆಯಾಗಿಬಿಡುತ್ತದೆ, ಅದಕ್ಕೇ ಹಾಕುತ್ತಿಲ್ಲ, ಇದ್ದೇನೆ ಎಂದಷ್ಟೇ ಹೇಳುತ್ತಿದ್ದೇನೆ, ಇದ್ದೀನಮ್ಮ, ಕೇಳಿಸ್ತಿದೆ, ಇದ್ದೀನಿ